ಓಡುವಾಗ ಕಾಣುವ ದೋಷ ಜೋಡಿಸುವಾಗಲೇ ಹುಟ್ಟಿರುತ್ತದೆ

ರೇಡಿಯೋ ನಿಯಂತ್ರಿತ ವಾಹನಗಳು ಮತ್ತು ಮಾದರಿ ಕಿಟ್‌ಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಮತ್ತು ತಜ್ಞರ ಉತ್ತರಗಳು

ಪ್ರಶ್ನೆ: ಮಾದರಿ ವಾಹನಗಳ ಪೆಟ್ಟಿಗೆಯ ಮೇಲೆ 1/10, 1/24, 1/35, 1/72 ಎಂದು ಮುದ್ರಿಸಿರುತ್ತಾರೆ. ಈ ಅನುಪಾತಗಳು ಯಾವ ಲೆಕ್ಕದಿಂದ ಬಂದವು? ಹೊಸಬರು ಯಾವುದರಿಂದ ಆರಂಭಿಸಬೇಕು?

ಉತ್ತರ: ಇವುಗಳಲ್ಲಿ ಹಲವು ಅಡಿ ಮತ್ತು ಅಂಗುಲಗಳ ಲೆಕ್ಕದಿಂದ ಬಂದಿವೆ. ನಿಜವಾದ ವಾಹನದ ಒಂದು ಅಡಿಯನ್ನು ಮಾದರಿಯಲ್ಲಿ ಒಂದು ಅಂಗುಲಕ್ಕೆ ಇಳಿಸಿದರೆ 1/12, ಅರ್ಧ ಅಂಗುಲಕ್ಕೆ ಇಳಿಸಿದರೆ 1/24, ಕಾಲು ಅಂಗುಲಕ್ಕೆ ಇಳಿಸಿದರೆ 1/48 ಆಗುತ್ತದೆ. ಆರು ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿದರೆ 1/72. ಸೇನಾ ವಾಹನಗಳ 1/35 ಈ ಲೆಕ್ಕಕ್ಕೆ ಹೊಂದುವುದಿಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಾಮಿಯಾ ಸಂಸ್ಥೆ ಪ್ಯಾಂಥರ್ ಟ್ಯಾಂಕಿನ ಮೋಟಾರ್ ಚಾಲಿತ ಮಾದರಿಯನ್ನು ರೂಪಿಸಿದಾಗ, ಬ್ಯಾಟರಿಗಳು ಒಳಗೆ ಹಿಡಿಸುವಂತೆ ಅದರ ಗಾತ್ರವನ್ನು ಗೊತ್ತುಮಾಡಿತು. ಆಮೇಲೆ ಅಳೆದಾಗ ಅದು ಸುಮಾರು 1/35 ಎಂದು ತಿಳಿಯಿತು. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಅನುಪಾತವೇ ಇಂದು ಟ್ಯಾಂಕ್ ಮಾದರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ.

ಕಪಾಟಿನಲ್ಲಿ ಇಡುವ ಮಾದರಿ ಬೇಕಿದ್ದರೆ 1/24ರ ಕಾರಿನಿಂದ ಆರಂಭಿಸಿ; ಅದರ ಬಿಡಿಭಾಗಗಳು ಬೆರಳಿಗೆ ಸಿಗುವಷ್ಟು ದೊಡ್ಡವು, ಒಟ್ಟು ಸಂಖ್ಯೆಯೂ ಹೆಚ್ಚಿರುವುದಿಲ್ಲ. ಓಡಿಸುವ ಕಾರು ಬೇಕಿದ್ದರೆ 1/10ರ ವಿದ್ಯುತ್ ಕಾರಿನ ಕಿಟ್ ಸೂಕ್ತ. ಟಾಮಿಯಾದ ಮೊದಲ ರೇಡಿಯೋ ನಿಯಂತ್ರಿತ ಕಾರು, 1976ರ ಪೋರ್ಷೆ 934, 1/12ರ ಅನುಪಾತದಲ್ಲಿತ್ತು. ಆದರೆ ಈಗ ಚಕ್ರ, ಮೋಟಾರ್, ಗಿಯರ್ ಮೊದಲಾದ ಬದಲಿ ಭಾಗಗಳು ಹೇರಳವಾಗಿ ದೊರೆಯುವುದು 1/10ಕ್ಕೆ. ಸಿದ್ಧವಾಗಿ ಬರುವ ಕಾರನ್ನು ಕೊಂಡವರು ಅದು ಮೊದಲ ಸಲ ಮುರಿದ ದಿನ ಅದರ ಒಳಗನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಕಿಟ್ ಜೋಡಿಸಿದವರಿಗೆ ಯಾವ ಸ್ಕ್ರೂ ಬಿಚ್ಚಬೇಕೆಂಬುದು ಆಗಲೇ ಗೊತ್ತಿರುತ್ತದೆ. ಆದ್ದರಿಂದ ನಾನು ಯಾವಾಗಲೂ ಕಿಟ್ಟನ್ನೇ ಸೂಚಿಸುತ್ತೇನೆ.

ಪ್ರಶ್ನೆ: ನಾನು ಜೋಡಿಸಿದ ಮೊದಲ 1/10 ಕಾರು ನೇರವಾಗಿ ಓಡದೆ ಎಡಕ್ಕೆ ಎಳೆಯುತ್ತದೆ. ಗಿಯರ್‌ಗಳಿಂದ ಕೀರಲು ಸದ್ದು ಬರುತ್ತದೆ. ಹತ್ತು ನಿಮಿಷ ಓಡಿಸಿದರೆ ಮೋಟಾರ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಮೋಟಾರನ್ನೇ ಬದಲಿಸಬೇಕೆ?

ಉತ್ತರ: ಮೋಟಾರನ್ನು ಬದಲಿಸಬೇಡಿ. ಮೂಲ ಕಾರಣ ಹಾಗೆಯೇ ಉಳಿದರೆ ಹೊಸ ಮೋಟಾರೂ ಅಷ್ಟೇ ಬಿಸಿಯಾಗುತ್ತದೆ. ನೀವು ಹೇಳಿದ ಮೂರೂ ತೊಂದರೆಗಳು ಜೋಡಣೆಯ ಬೇರೆ ಬೇರೆ ಹಂತಗಳಲ್ಲಿ ಹುಟ್ಟಿರಬಹುದು, ಒಂದೇ ಕಡೆಯಿಂದಲೂ ಬಂದಿರಬಹುದು. ಅದನ್ನು ತಿಳಿಯಲು ಮೊದಲು ಪಿನಿಯನ್ ಗಿಯರನ್ನು (ಮೋಟಾರಿಗೆ ಕೂರಿಸಿದ ಚಿಕ್ಕ ಗಿಯರ್) ಸ್ಪರ್ ಗಿಯರಿನಿಂದ (ಅದು ತಿರುಗಿಸುವ ದೊಡ್ಡ ಗಿಯರ್) ಬೇರ್ಪಡಿಸಿ, ಕಾರನ್ನು ಎತ್ತಿ ಹಿಡಿದು, ಪ್ರತಿಯೊಂದು ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಡಿ. ನಾಲ್ಕೂ ಚಕ್ರಗಳು ಸರಾಗವಾಗಿ ತಿರುಗಿ ತಾವಾಗಿ ನಿಲ್ಲಬೇಕು. ಎಡಬದಿಯ ಒಂದು ಚಕ್ರ ಬೇಗನೆ ನಿಂತರೆ ಅದೇ ಕಾರನ್ನು ಎಡಕ್ಕೆ ಎಳೆಯುತ್ತಿರುತ್ತದೆ, ಮೋಟಾರಿನ ಮೇಲೆ ಭಾರ ಹಾಕುತ್ತಿರುವುದೂ ಅದೇ. ಚಕ್ರದ ನಟ್ಟನ್ನು ಅತಿಯಾಗಿ ಬಿಗಿದಿರುವುದು ಅಥವಾ ಪ್ಲಾಸ್ಟಿಕ್ ಬುಶ್ಶಿನ (ಚಕ್ರದ ದಂಡ ತಿರುಗುವ ಬಳೆ) ಅಂಚಿನಲ್ಲಿ ಅಚ್ಚಿನ ಉಳಿಕೆ ಇರುವುದು ಇದರ ಸಾಮಾನ್ಯ ಕಾರಣಗಳು. ಅನೇಕ ಕಿಟ್‌ಗಳಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್‌ಗಳನ್ನು ಕೊಡುತ್ತಾರೆ, 11 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಒಳವ್ಯಾಸ, 4 ಮಿ.ಮೀ. ದಪ್ಪದ ಬಾಲ್ ಬೇರಿಂಗ್‌ಗಳು 1/10 ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. ನಿಮ್ಮ ಕೈಪಿಡಿಯಲ್ಲಿ ಅಳತೆಯನ್ನು ಖಚಿತಪಡಿಸಿಕೊಂಡು ಅವುಗಳನ್ನು ಹಾಕಿಕೊಳ್ಳಿ. ಈ ಹವ್ಯಾಸದಲ್ಲಿ ಮಾಡುವ ಮೊದಲ ಹೆಚ್ಚುವರಿ ಖರ್ಚು ಇದೇ ಆಗಿರಲಿ ಎಂಬುದು ನನ್ನ ಬಲವಾದ ಅಭಿಪ್ರಾಯ.

ಚಕ್ರಗಳೆಲ್ಲ ಸಮನಾಗಿ ತಿರುಗಿದರೆ ಸ್ಟೀರಿಂಗ್ ಕಡೆ ಗಮನ ಕೊಡಿ. ಸರ್ವೋವಿನ (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಚಿಕ್ಕ ಮೋಟಾರ್) ತೋಳನ್ನು ಕೂರಿಸುವ ಮೊದಲು ಅದಕ್ಕೆ ವಿದ್ಯುತ್ ಕೊಟ್ಟು ಮಧ್ಯಕ್ಕೆ ತಂದಿದ್ದಿರಾ? ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ಟ್ರಾನ್ಸ್‌ಮಿಟರಿನ ಟ್ರಿಮ್ಮನ್ನು (ಸ್ಟೀರಿಂಗಿನ ಮಧ್ಯಸ್ಥಿತಿಯನ್ನು ತುಸು ಸರಿಹೊಂದಿಸುವ ಗುಂಡಿ) ಸೊನ್ನೆಗೆ ಇಟ್ಟು, ಮೊದಲು ಟ್ರಾನ್ಸ್‌ಮಿಟರನ್ನೂ ಆಮೇಲೆ ಕಾರನ್ನೂ ಆನ್ ಮಾಡಿದರೆ ಸರ್ವೋ ತಾನಾಗಿ ಮಧ್ಯಕ್ಕೆ ಬಂದು ನಿಲ್ಲುತ್ತದೆ; ತೋಳನ್ನು ಆ ಸ್ಥಿತಿಯಲ್ಲಿಯೇ ಕೂರಿಸಬೇಕು. ಆಫ್ ಮಾಡುವಾಗ ಈ ಕ್ರಮ ತಿರುಗುಮುರುಗಾಗಬೇಕು, ಅಂದರೆ ಮೊದಲು ಕಾರು, ಕೊನೆಗೆ ಟ್ರಾನ್ಸ್‌ಮಿಟರ್. ಆಮೇಲೆ ಸ್ಟೀರಿಂಗ್ ಕಡ್ಡಿಗಳ ಉದ್ದವನ್ನು ಅಳೆದು ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ, ಏಕೆಂದರೆ ಅಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಚಕ್ರಗಳ ದಿಕ್ಕು ಬದಲಾಗುತ್ತದೆ. ಟ್ರಿಮ್ ತಿರುಗಿಸಿ ಕಾರನ್ನು ನೇರ ಮಾಡುವುದು ಸುಲಭವೇ. ಆದರೆ ಹಾಗೆ ಮಾಡಿದರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ, ಒಂದು ಬದಿಗೆ ಕಾರು ಹೆಚ್ಚು ತಿರುಗಿ ಇನ್ನೊಂದು ಬದಿಗೆ ಕಡಿಮೆ ತಿರುಗುತ್ತದೆ. ಇಷ್ಟಾದರೂ ಎಳೆತ ಉಳಿದರೆ ಶಾಸಿಯನ್ನು (ಕಾರಿನ ತಳದ ಚೌಕಟ್ಟು) ದಪ್ಪ ಗಾಜಿನ ಹಲಗೆಯ ಮೇಲಿಟ್ಟು ನೋಡಿ. ಸಮವಲ್ಲದ ಮೇಜಿನ ಮೇಲೆ ಸ್ಕ್ರೂ ಬಿಗಿದಾಗ ಶಾಸಿ ತಿರುಚಿಕೊಂಡಿರಬಹುದು. ಮೇಲಿನ ಸ್ಕ್ರೂಗಳನ್ನು ಸಡಿಲಿಸಿ, ಗಾಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದು, ಮತ್ತೆ ಬಿಗಿದರೆ ಅದು ಸರಿಯಾಗುತ್ತದೆ.

ಈಗ ಸದ್ದಿನ ವಿಷಯ. ಪಿನಿಯನ್ ಮತ್ತು ಸ್ಪರ್ ಗಿಯರ್‌ಗಳ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ಮೋಟಾರನ್ನು ಸರಿಸಬಹುದಾದ ಕಾರುಗಳಲ್ಲಿ ನೋಟ್‌ಬುಕ್ಕಿನ ತೆಳು ಕಾಗದದ ಪಟ್ಟಿಯನ್ನು ಎರಡು ಗಿಯರ್‌ಗಳ ನಡುವೆ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಆಮೇಲೆ ಗಿಯರ್ ತಿರುಗಿಸಿ ಕಾಗದವನ್ನು ಹೊರತೆಗೆಯಿರಿ. ಕಾಗದ ಹರಿಯದೆ ಹಲ್ಲಿನ ಗುರುತು ಮಾತ್ರ ಮೂಡಿದ್ದರೆ ಅಂತರ ಸರಿಯಾಗಿದೆ. ಮೋಟಾರಿಗೆ ಗೊತ್ತುಪಡಿಸಿದ ರಂಧ್ರಗಳೇ ಇರುವ ಕಾರುಗಳಲ್ಲಿ ಪಿನಿಯನ್ನಿನ ಹಲ್ಲುಗಳ ಸಂಖ್ಯೆಗೆ ತಕ್ಕ ರಂಧ್ರವನ್ನೇ ಆರಿಸಿದ್ದೀರಾ ಎಂದು ನೋಡಿ. ವೇಗ ಹೆಚ್ಚಲೆಂದು ದೊಡ್ಡ ಪಿನಿಯನ್ ಹಾಕಿದ್ದರೆ ಬಿಸಿಗೆ ಅದೇ ಕಾರಣವಾಗಿರಬಹುದು. ಸ್ಪರ್ ಗಿಯರಿಗೆ 70 ಹಲ್ಲು, ಪಿನಿಯನ್ನಿಗೆ 22 ಹಲ್ಲು ಇದ್ದರೆ ಅನುಪಾತ 3.18, ಪಿನಿಯನ್ 25 ಹಲ್ಲಿನದಾದರೆ ಅದು 2.8ಕ್ಕೆ ಇಳಿಯುತ್ತದೆ. ಕಾರಿನ ಗರಿಷ್ಠ ವೇಗ ಏರುತ್ತದೆ ನಿಜ, ಆದರೆ ಮೋಟಾರ್ ಅಷ್ಟೇ ಭಾರವನ್ನು ಎಳೆಯಲು ಹೆಚ್ಚು ವಿದ್ಯುತ್ ಸೆಳೆದು ಕಾಯುತ್ತದೆ.

ಇವನ್ನೆಲ್ಲ ಬಿಚ್ಚಿ ಜೋಡಿಸುವಾಗ ಎರಡು ವಿಷಯಗಳನ್ನು ನೆನಪಿಡಿ. ಜಪಾನಿನ ಕಿಟ್‌ಗಳಲ್ಲಿರುವ ಅಡ್ಡಗೆರೆಯ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ) ಮಾನಕಕ್ಕೆ ಸೇರಿದವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಕೆಡಿಸುತ್ತದೆ. ಪ್ಲಾಸ್ಟಿಕ್ಕಿಗೆ ಹಾಕುವ ಸ್ಕ್ರೂವನ್ನು ಎರಡನೆಯ ಸಲ ಕೂರಿಸುವಾಗ ಮೊದಲು ಹಿಂದಕ್ಕೆ ಮೆಲ್ಲನೆ ತಿರುಗಿಸಬೇಕು. ಅದು ಹಳೆಯ ಮರೆಗೆ, ಅಂದರೆ ಮೊದಲ ಸಲ ಕೊರೆದ ಸುರುಳಿ ಗೀರಿಗೆ, ಬಿದ್ದದ್ದು ಕೈಗೆ ತಿಳಿಯುತ್ತದೆ, ಆಮೇಲೆ ಮುಂದಕ್ಕೆ ತಿರುಗಿಸಬೇಕು. ಹೀಗೆ ಮಾಡದಿದ್ದರೆ ಪ್ರತಿ ಸಲವೂ ಹೊಸ ಮರೆ ಕೊರೆದು ರಂಧ್ರ ಸಡಿಲವಾಗುತ್ತದೆ. ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟುದ್ರವವನ್ನು ಲೋಹವು ಲೋಹಕ್ಕೆ ಸೇರುವಲ್ಲಿ ಮಾತ್ರ ಬಳಸಿ. ಅನೇಕ ಪ್ಲಾಸ್ಟಿಕ್‌ಗಳು ಅದು ತಗುಲಿದರೆ ಬಿರುಕು ಬಿಡುತ್ತವೆ.

ಪ್ರಶ್ನೆ: ಕಾರಿನ ಪಾರದರ್ಶಕ ಹೊರಕವಚಕ್ಕೆ (ಬಾಡಿ) ನನ್ನ ಬಳಿಯಿದ್ದ ಮಾದರಿ ಬಣ್ಣವನ್ನು ಹೊಡೆದಿದ್ದೆ. ಮೊದಲ ಡಿಕ್ಕಿಗೇ ಬಣ್ಣ ಚಕ್ಕೆಗಳಾಗಿ ಉದುರಿತು. ಏಕೆ?

ಉತ್ತರ: ಕಪಾಟಿನ ಮಾದರಿಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು, ಓಡಿಸುವ ಕಾರಿನ ಪಾರದರ್ಶಕ ಬಾಡಿ ಪಾಲಿಕಾರ್ಬೊನೇಟಿನದು. ಎರಡನೆಯದು ಪೆಟ್ಟು ತಿಂದಾಗ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಪಾಲಿಸ್ಟೈರೀನಿಗೆಂದು ತಯಾರಿಸಿದ ಬಣ್ಣ ಹಾಗೆ ಬಾಗಲಾರದೆ ಒಡೆಯುತ್ತದೆ. ಪಾಲಿಕಾರ್ಬೊನೇಟಿಗೆಂದೇ ತಯಾರಿಸಿದ ಬಣ್ಣವನ್ನು ಬಳಸಿ, ಅದನ್ನು ಬಾಡಿಯ ಒಳಮೈಗೆ ಹೊಡೆಯಿರಿ. ಆಗ ಪ್ಲಾಸ್ಟಿಕ್ಕೇ ಬಣ್ಣಕ್ಕೆ ಹೊಳಪನ್ನೂ ರಕ್ಷಣೆಯನ್ನೂ ಕೊಡುತ್ತದೆ.

ಅಚ್ಚಿನಿಂದ ಬಂದ ಜಿಡ್ಡು ಹೋಗುವಂತೆ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒಳಮೈಯನ್ನು ತೊಳೆದು ಪೂರ್ತಿ ಒಣಗಿಸಬೇಕು. ಒಳಗಿನಿಂದ ಹೊಡೆಯುವುದರಿಂದ ಮೊದಲು ಹಚ್ಚಿದ ಬಣ್ಣವೇ ಹೊರಗೆ ಕಾಣುತ್ತದೆ. ಹಾಗಾಗಿ ಗಾಢ ಬಣ್ಣವನ್ನು ಮೊದಲು, ತಿಳಿ ಬಣ್ಣವನ್ನು ಆಮೇಲೆ ಹಚ್ಚುವುದು ವಾಡಿಕೆ. ಹಳದಿ, ಕೆಂಪಿನಂಥ ಬಣ್ಣಗಳ ಹಿಂದೆ ಬಿಳಿಯ ಪದರ ಇಲ್ಲದಿದ್ದರೆ ಅವು ಮಂಕಾಗುತ್ತವೆ. ಒಂದೇ ದಪ್ಪ ಪದರದ ಬದಲು ಮೂರು ನಾಲ್ಕು ತೆಳು ಪದರಗಳನ್ನು, ಒಂದು ಒಣಗಿದ ಮೇಲೆ ಇನ್ನೊಂದರಂತೆ, ಹೊಡೆಯಿರಿ. ಹೊರಮೈಯ ಮೇಲೆ ರಕ್ಷಣೆಯ ಹಾಳೆ ಇದ್ದರೆ ಅದನ್ನು ಕೊನೆಯಲ್ಲಿ ತೆಗೆಯಿರಿ. ಉದುರಿದ ಬಣ್ಣವನ್ನು ತೆಗೆಯಲು ಥಿನ್ನರ್ ಹಾಕಿ ಉಜ್ಜಬೇಡಿ. ಪಾಲಿಕಾರ್ಬೊನೇಟ್ ಮಸುಕಾಗುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ. ಆ ಬಾಡಿಯನ್ನು ಅಭ್ಯಾಸದ ಓಟಕ್ಕೆ ಇಟ್ಟುಕೊಂಡು ಹೊಸದಕ್ಕೆ ಬಣ್ಣ ಹೊಡೆಯುವುದು ಉತ್ತಮ.

ಪ್ರಶ್ನೆ: ನಿಕಲ್ ಬ್ಯಾಟರಿಯ ಬದಲು ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕಿದೆ. ಕೆಲವೇ ವಾರಗಳಲ್ಲಿ ಅದು ಉಬ್ಬಿದೆ. ಇನ್ನೂ ಬಳಸಬಹುದೆ?

ಉತ್ತರ: ಬಳಸಬೇಡಿ, ಚಾರ್ಜಿಗೂ ಹಾಕಬೇಡಿ. ಲಿಥಿಯಂ ಪಾಲಿಮರ್ ಸೆಲ್ಲಿನ ವೋಲ್ಟೇಜ್ 4.2ಕ್ಕಿಂತ ಮೇಲೆ ಏರಬಾರದು, 3.0ಕ್ಕಿಂತ ಕೆಳಗೆ ಇಳಿಯಬಾರದು. ನಿಮ್ಮ ಕಾರಿನ ವೇಗ ನಿಯಂತ್ರಕ ಬಹುಶಃ ಇನ್ನೂ ನಿಕಲ್ ಬ್ಯಾಟರಿಯ ಹೊಂದಾಣಿಕೆಯಲ್ಲಿಯೇ ಇದೆ. ಆ ಸ್ಥಿತಿಯಲ್ಲಿ ಅದು ಲಿಥಿಯಂ ಬ್ಯಾಟರಿಗೆ ಬೇಕಾದ ಮಟ್ಟದಲ್ಲಿ ಓಟವನ್ನು ನಿಲ್ಲಿಸುವುದಿಲ್ಲವಾದ್ದರಿಂದ ಸೆಲ್ಲುಗಳು ಅಪಾಯದ ಮಟ್ಟಕ್ಕಿಂತ ಬರಿದಾಗುತ್ತವೆ. ಹೊಸ ಬ್ಯಾಟರಿ ಹಾಕುವ ಮೊದಲು ಕೈಪಿಡಿ ನೋಡಿ ಆ ಹೊಂದಾಣಿಕೆಯನ್ನು ಬದಲಿಸಿ. ಹಳೆಯ ನಿಯಂತ್ರಕದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಲಿಥಿಯಂ ಬ್ಯಾಟರಿ ಬಳಸದಿರುವುದೇ ಸರಿ. ಚಾರ್ಜ್ ಮಾಡುವಾಗ ಸೆಲ್ಲುಗಳನ್ನು ಸಮಗೊಳಿಸುವ ಚಾರ್ಜರನ್ನೇ ಬಳಸಿ, 3000 ಎಂಎಎಚ್ (ಮಿಲಿಆಂಪಿಯರ್ ಅವರ್) ಸಾಮರ್ಥ್ಯದ ಬ್ಯಾಟರಿಗೆ 3 ಆಂಪಿಯರ್ ಮೀರದಿರಲಿ, ಪಕ್ಕದಲ್ಲಿಯೇ ಇರಿ. ಕೆಲವು ದಿನ ಓಡಿಸುವುದಿಲ್ಲವಾದರೆ ಪ್ರತಿ ಸೆಲ್ಲನ್ನು ಸುಮಾರು 3.8 ವೋಲ್ಟಿನಲ್ಲಿ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೇಡ, ಮನೆಯ ಕಸದ ಬುಟ್ಟಿಗೂ ಹಾಕಬೇಡಿ. ಸುಡುವ ವಸ್ತುಗಳಿಂದ ದೂರ ಮರಳು ತುಂಬಿದ ಲೋಹದ ಪಾತ್ರೆಯಲ್ಲಿ ಇಟ್ಟು, ಬ್ಯಾಟರಿ ಸಂಗ್ರಹಿಸುವ ಇ-ತ್ಯಾಜ್ಯ ಕೇಂದ್ರಕ್ಕೆ ಆದಷ್ಟು ಬೇಗ ಒಪ್ಪಿಸಿ.