ಸ್ಕೀ ಶಿಕ್ಷಕರ ಸರ್ಟಿಫಿಕೇಟು: ಗಡಿ ದಾಟಿದರೆ ಅದಕ್ಕೆಷ್ಟು ಬೆಲೆ?

ಆಲ್ಪ್ಸ್ ಸೀಮೆಯಲ್ಲಿ ಸ್ಕೀ ಕಲಿಸುವ ಕೆಲಸದ ಬಗ್ಗೆ ಯುರೋಪಿನಲ್ಲಿರುವ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ, ಈಗ ಜರ್ಮನ್ ಪ್ರಜೆ. ಕೆನಡಾದಲ್ಲಿದ್ದಾಗ ಅಲ್ಲಿನ ಸ್ಕೀ ಶಿಕ್ಷಕರ ಸಂಘದ ಲೆವೆಲ್ 3 ಮುಗಿಸಿದ್ದೆ. ಅದಕ್ಕೆ ಐಎಸ್‌ಐಎ ಸ್ಟಾಂಪ್ ಕೂಡ ಇದೆ. ಇದು ಅಂತರರಾಷ್ಟ್ರೀಯ ಮಾನ್ಯತೆ ಅಂದಮೇಲೆ ಆಸ್ಟ್ರಿಯಾದ ಟಿರೋಲ್‌ನಲ್ಲೂ ಫ್ರಾನ್ಸ್‌ನಲ್ಲೂ ನೇರವಾಗಿ ಕಲಿಸಬಹುದಲ್ಲವೇ?
— ಓದುಗರು, ಮ್ಯೂನಿಕ್

ಉತ್ತರ: ನೇರವಾಗಿ ಆಗುವುದಿಲ್ಲ. ಐಎಸ್‌ಐಎ ಎಂಬುದು ಸ್ಕೀ ಶಿಕ್ಷಕರ ಸಂಘಗಳ ಅಂತರರಾಷ್ಟ್ರೀಯ ಸಂಸ್ಥೆ. ಅದರ ಸ್ಟಾಂಪು ನಿಮ್ಮ ಮಟ್ಟ ಏನೆಂದು ಒಂದು ಸ್ಕೀ ಶಾಲೆಗೆ ಹೇಳುತ್ತದೆ. ಅಷ್ಟರಿಂದ ಯಾವ ಸರ್ಕಾರವೂ ನಿಮಗೆ ಅನುಮತಿ ಕೊಡಬೇಕಾಗಿಲ್ಲ. ಕಾನೂನಿನ ಬಲ ಇರುವುದು ಯುರೋಪಿಯನ್ ಒಕ್ಕೂಟದ 2005/36 ಸಂಖ್ಯೆಯ ನಿರ್ದೇಶನಕ್ಕೆ. ಇದನ್ನು 2013ರಲ್ಲಿ ತಿದ್ದಲಾಗಿದೆ. ಒಕ್ಕೂಟದ ಪ್ರಜೆಯೊಬ್ಬ ಒಂದು ಸದಸ್ಯ ದೇಶದಲ್ಲಿ ಪಡೆದ ವೃತ್ತಿ ಅರ್ಹತೆಯನ್ನು ಇನ್ನೊಂದು ಸದಸ್ಯ ದೇಶ ಹೇಗೆ ಪರಿಗಣಿಸಬೇಕು ಎಂಬುದು ಅದರ ವಿಷಯ.

ನಿಮ್ಮಲ್ಲಿ ಮೊದಲರ್ಧ ಇದೆ, ಎರಡನೆಯದಿಲ್ಲ. ಪೌರತ್ವ ಒಕ್ಕೂಟದ್ದು, ಸರ್ಟಿಫಿಕೇಟು ಹೊರಗಿನದು. ಇಂಥವರಿಗಾಗಿಯೇ ನಿರ್ದೇಶನದ 3ನೇ ವಿಧಿಯಲ್ಲಿ ಒಂದು ದಾರಿ ಇಟ್ಟಿದ್ದಾರೆ. ಮೊದಲು ಯಾವುದಾದರೂ ಒಂದು ಸದಸ್ಯ ದೇಶ ತನ್ನ ಕಾನೂನಿನ ಪ್ರಕಾರ ನಿಮ್ಮ ಕೆನಡಾ ಅರ್ಹತೆಗೆ ಮಾನ್ಯತೆ ಕೊಡಬೇಕು. ಆಮೇಲೆ ಅದೇ ದೇಶದಲ್ಲಿ 3 ವರ್ಷ ಆ ವೃತ್ತಿ ಮಾಡಿ, ಅದಕ್ಕೆ ಆ ದೇಶದಿಂದಲೇ ದೃಢೀಕರಣ ಪಡೆಯಬೇಕು. ಅಷ್ಟಾದ ಮೇಲೆ ನಿಮ್ಮ ಕಾಗದ ಒಕ್ಕೂಟದೊಳಗಿನ ಅರ್ಹತೆಯಂತೆ ಉಳಿದ ದೇಶಗಳಿಗೆ ಹೋಗುತ್ತದೆ. ಹಾಗೆ ಹೋದಾಗಲೂ ಅದು ಹೋಲಿಕೆಗೆ ಒಳಗಾಗುತ್ತದೆ. ತರಬೇತಿಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಆ ದೇಶ ಅರ್ಹತಾ ಪರೀಕ್ಷೆಯನ್ನೋ, ಗರಿಷ್ಠ 3 ವರ್ಷದ ಹೊಂದಾಣಿಕೆ ಅವಧಿಯನ್ನೋ ಕೇಳಬಹುದು.

ಟಿರೋಲ್ ಬಗ್ಗೆ ಇನ್ನೊಂದು ಮಾತು. ಆಸ್ಟ್ರಿಯಾದಲ್ಲಿ ಸ್ಕೀ ಶಾಲೆಗಳ ಕಾನೂನು ರಾಜ್ಯಗಳ ಕೈಲಿದೆ, ವಿಯೆನ್ನಾದ ಕೈಲಿಲ್ಲ. ಟಿರೋಲ್‌ಗೆ ಅದರದೇ ಕಾನೂನು, ಸಾಲ್ಜ್‌ಬರ್ಗ್‌ಗೆ ಅದರದೇ. ಅಲ್ಲಿ ಶಿಕ್ಷಕರಾಗುವ ಮೆಟ್ಟಿಲುಗಳು ಸ್ಥೂಲವಾಗಿ ಮೂರು. ಮೊದಲನೆಯದು ಆನ್‌ವೆರ್ಟರ್ (ಸುಮಾರು 10 ದಿನಗಳ ಕೋರ್ಸು), ನಡುವಿನದು ಲಾಂಡೆಸ್‌ಲೆರರ್, ಮೇಲಿನದು ಸರ್ಕಾರಿ ಪರೀಕ್ಷೆ ಪಾಸಾದ ಡಿಪ್ಲೊಮಾ ಶಿಕ್ಷಕ. ಸ್ವಂತ ಶಾಲೆ ತೆರೆಯಬೇಕೆಂದರೆ ಡಿಪ್ಲೊಮಾದ ಜೊತೆ ಉದ್ಯಮಿ ಪರೀಕ್ಷೆಯೂ ಬೇಕು. ಅನುಮತಿ ಪಡೆದ ಶಾಲೆಯೊಂದರ ನೌಕರರಾಗಿ, ಅದರ ಹೊಣೆಯಲ್ಲಿ ಆರಂಭಿಕರಿಗೆ ಕಲಿಸುವುದು ನಿಮಗೆ ಸುಲಭದ ಬಾಗಿಲು. ಸೀಸನ್ ಶುರುವಾಗುವ ಮೊದಲು ಶಾಲೆಯ ಮುಖ್ಯಸ್ಥರಿಗೆ ಸರ್ಟಿಫಿಕೇಟಿನ ಪ್ರತಿ ಕಳಿಸಿ, ನಿಮ್ಮನ್ನು ಯಾವ ಮೆಟ್ಟಿಲಿನಲ್ಲಿ ಇಡುತ್ತಾರೆಂದು ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ಡಿಸೆಂಬರಿನಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ಪ್ರಶ್ನೆ: 'ಯೂರೋಟೆಸ್ಟ್' ಪಾಸಾದರೆ ಎಲ್ಲ ದೇಶಗಳಲ್ಲೂ ಬಾಗಿಲು ತೆರೆಯುತ್ತದೆ ಎನ್ನುತ್ತಾರೆ. ಅದು ಏನು, ಎಷ್ಟು ಕಷ್ಟ? ಮಗಳು ಇಟಲಿಯಲ್ಲಿ ಸ್ಕೀ ಶಿಕ್ಷಕಿಯಾಗುವ ತರಬೇತಿಯಲ್ಲಿದ್ದಾಳೆ.
— ಓದುಗರು, ಟೊರಿನೊ

ಉತ್ತರ: ಮೊದಲು ಇಟಲಿಯ ಪೂರ್ಣ ಅರ್ಹತೆ ಅವಳ ಕೈಗೆ ಬರಲಿ. ಅಲ್ಲಿ 'ಮಾಯೆಸ್ತ್ರೊ ದಿ ಷಿ' 1991ರ 81ನೇ ಕಾನೂನಿನ ಕೆಳಗೆ ಬರುವ ನಿಯಂತ್ರಿತ ವೃತ್ತಿ. ತರಬೇತಿ, ಪರೀಕ್ಷೆ ಮುಗಿದ ಮೇಲೆ ಪ್ರಾಂತದ ವೃತ್ತಿಪಟ್ಟಿಯಲ್ಲಿ ಹೆಸರು ಸೇರಬೇಕು.

ಆಮೇಲಿನದು ಒಕ್ಕೂಟದ 'ಸಾಮಾನ್ಯ ತರಬೇತಿ ಪರೀಕ್ಷೆ'. ಇದನ್ನು 2019ರ 907ನೇ ನಿಯಮಾವಳಿ ಜಾರಿಗೆ ತಂದಿತು. ಯಾವ ದೇಶದ ಯಾವ ಅರ್ಹತೆ ಉಳ್ಳವರು ಇದಕ್ಕೆ ಕೂರಬಹುದು ಎಂಬ ಪಟ್ಟಿ ಅದರ ಅನುಬಂಧದಲ್ಲಿದೆ. ಸ್ವತಂತ್ರವಾಗಿ ಕಲಿಸುವ ಹಕ್ಕಿಲ್ಲದ ಕೆಳಮೆಟ್ಟಿಲಿನ ಸರ್ಟಿಫಿಕೇಟುಗಳಿಗೆ ಅಲ್ಲಿ ಜಾಗವಿಲ್ಲ. ಪರೀಕ್ಷೆಗೆ ಎರಡು ಭಾಗ: ವೇಗದ ಪರೀಕ್ಷೆ, ಅಂದರೆ ಯೂರೋಟೆಸ್ಟ್, ಮತ್ತು ಸುರಕ್ಷತೆಯ ಪರೀಕ್ಷೆ. ಒಂದು ಮಾತ್ರ ಪಾಸಾದರೆ ಸಾಲದು. ಎರಡೂ ಪಾಸಾದವರಿಗೆ ಬೇರೆ ಸದಸ್ಯ ದೇಶ ಹೆಚ್ಚುವರಿ ಪರೀಕ್ಷೆ ಕೇಳದೆ ಮಾನ್ಯತೆ ಕೊಡಬೇಕು. ಈ ಪರೀಕ್ಷೆ ಬರೆಯಲೇಬೇಕೆಂಬ ಕಡ್ಡಾಯವಿಲ್ಲ, ಹಿಂದಿನ ಉತ್ತರದಲ್ಲಿ ಹೇಳಿದ ಹೋಲಿಕೆಯ ದಾರಿಯೂ ತೆರೆದಿದೆ. ಆದರೆ ಫ್ರಾನ್ಸ್ ಕಡೆ ಕಣ್ಣಿಟ್ಟವರಿಗೆ ಇದೇ ಗಟ್ಟಿ ದಾರಿ ಎಂಬುದು ನಮ್ಮ ಅಭಿಪ್ರಾಯ.

ಯೂರೋಟೆಸ್ಟ್ ಒಂದು ಜೈಂಟ್ ಸ್ಲಾಲಮ್ ಓಟ, ಅಂದರೆ ಕಂಬ ನೆಟ್ಟು ಮಾಡಿದ ಗೇಟುಗಳ ನಡುವೆ ತಿರುಗುತ್ತ ಇಳಿಯುವ ಓಟ. ಚಂದದ ಶೈಲಿಗೆ ಅಂಕವಿಲ್ಲ, ಗಡಿಯಾರಕ್ಕೆ ಮಾತ್ರ. ಮೊದಲು 'ಓಪನರ್' ಇಳಿಯುತ್ತಾನೆ. ಅವನ ಸಮಯವನ್ನು ಅವನಿಗೆ ಗೊತ್ತುಮಾಡಿದ ಗುಣಾಂಕದಿಂದ ಗುಣಿಸಿ, ವಿಶ್ವಮಟ್ಟದ ಓಟಗಾರ ಅದೇ ದಾರಿಯಲ್ಲಿ ತೆಗೆದುಕೊಳ್ಳಬಹುದಾದ ಸಮಯಕ್ಕೆ ಇಳಿಸುತ್ತಾರೆ. ಅದೇ ಆಧಾರ ಸಮಯ. ಅದಕ್ಕಿಂತ ಗಂಡಸರು ಶೇ. 18, ಹೆಂಗಸರು ಶೇ. 24ರಷ್ಟು ನಿಧಾನವಾದರೂ ಪಾಸು. ಉದಾಹರಣೆಗೆ ಓಪನರ್ 50.00 ಸೆಕೆಂಡಿನಲ್ಲಿ ಇಳಿದ, ಅವನ ಗುಣಾಂಕ 0.95 ಎಂದುಕೊಳ್ಳಿ. ಆಧಾರ ಸಮಯ 47.50. ಗಂಡಸರು 56.05, ಹೆಂಗಸರು 58.90 ಸೆಕೆಂಡಿನೊಳಗೆ ಕೆಳಗಿರಬೇಕು. ಹತ್ತು ಸೆಕೆಂಡಿನ ಅವಕಾಶ ಧಾರಾಳ ಅನ್ನಿಸಬಹುದು, ಆದರೆ ನೀವು ಅಳೆದುಕೊಳ್ಳುತ್ತಿರುವುದು ವಿಶ್ವಕಪ್ ಮಟ್ಟದ ಎದುರು. ಮಗುವಾಗಿದ್ದಾಗಿನಿಂದ ರೇಸ್ ಮಾಡಿದವರಿಗೂ ವಯಸ್ಸಾದ ಮೇಲೆ ಕಲಿತವರಿಗೂ ಇಲ್ಲಿ ಬಹಳ ಅಂತರ ಕಾಣುತ್ತದೆ.

ಸೋಲುವವರಲ್ಲಿ ಹೆಚ್ಚಿನವರು ಒಳ್ಳೆಯ ಸ್ಕೀಯರುಗಳೇ. ತಪ್ಪುವುದು ದಾರಿಯಲ್ಲಿ. ಗೇಟು ಬಂದಮೇಲೆ ತಿರುಗಲು ಶುರುಮಾಡಿದರೆ ಒತ್ತಡವೆಲ್ಲ ಗೇಟಿನ ಕೆಳಗೆ ಬೀಳುತ್ತದೆ, ಸ್ಕೀ ಅಡ್ಡ ಜಾರುತ್ತದೆ, ಮುಂದಿನ ಗೇಟಿಗೆ ತಡವಾಗುತ್ತದೆ. ತಿರುವಿನ ಬಹುಪಾಲು ಕೆಲಸ ಗೇಟಿನ ಮೇಲುಗಡೆಯೇ ಮುಗಿದಿರಬೇಕು. ಎರಡನೆಯ ತೊಂದರೆ ಗಟ್ಟಿ ಹಿಮ. ಮೃದು ಹಿಮದಲ್ಲಷ್ಟೇ ಅಭ್ಯಾಸ ಮಾಡಿದವರು ನೀರುಣಿಸಿ ಗಟ್ಟಿ ಮಾಡಿದ ಟ್ರ್ಯಾಕಿನಲ್ಲಿ ಮೊದಲ ಮೂರು ಗೇಟಿಗೇ ಹೆದರಿಬಿಡುತ್ತಾರೆ. ಬದಿಯ ಅಂಚನ್ನು 87 ಡಿಗ್ರಿಗೆ ಹರಿತ ಮಾಡಿಸಿ, ಹಿಂದಿನ ರಾತ್ರಿಯೇ ವ್ಯಾಕ್ಸ್ ಹಾಕಿ ಕೆರೆದಿಡಿ. ಓಟದ ಸರದಿಯಲ್ಲಿ ಕೊನೆಯ ಕಡೆಯ ಸಂಖ್ಯೆ ಸಿಕ್ಕರೆ ಟ್ರ್ಯಾಕಿನಲ್ಲಿ ಗುಂಡಿ ಬಿದ್ದಿರುತ್ತದೆ. ಆದ್ದರಿಂದ ಹದಗೆಟ್ಟ ಟ್ರ್ಯಾಕಿನಲ್ಲೂ ಬೇಕೆಂದೇ ಅಭ್ಯಾಸ ಮಾಡಬೇಕು.

ಸುರಕ್ಷತೆಯ ಭಾಗವನ್ನು ಹಗುರವಾಗಿ ಕಾಣುವವರಿದ್ದಾರೆ. ಅದು ತಪ್ಪು, ಶಿಷ್ಯರ ಜೀವ ಉಳಿಸುವ ವಿದ್ಯೆ ಇರುವುದು ಇದರಲ್ಲೇ. ಪಿಸ್ಟಿನ (ಸಿದ್ಧಪಡಿಸಿದ ಸ್ಕೀ ದಾರಿಯ) ಹೊರಗೆ ಗುಂಪು ನಡೆಸುವುದು, ಹಿಮಪದರ ಓದುವುದು, 1ರಿಂದ 5ರವರೆಗಿನ ಹಿಮಕುಸಿತ ಅಪಾಯಮಟ್ಟವನ್ನು ಇಳಿಜಾರಿನ ಕೋನಕ್ಕೆ ಹೊಂದಿಸಿ ನಿರ್ಧರಿಸುವುದು, ಹೂತುಹೋದ ಟ್ರಾನ್ಸ್‌ಸೀವರನ್ನು (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲು ಮೈಮೇಲೆ ಧರಿಸುವ ಸಿಗ್ನಲ್ ಯಂತ್ರ) ನಿಗದಿತ ಸಮಯದಲ್ಲಿ ಹುಡುಕುವುದು. ಹುಡುಕಾಟದಲ್ಲಿ ಸಮಯ ಸೋರುವುದು ಕೊನೆಯ ಮೂರು ಮೀಟರಿನಲ್ಲಿ. ಅಲ್ಲಿ ಯಂತ್ರವನ್ನು ಹಿಮಕ್ಕೆ ತಾಗುವಷ್ಟು ತಗ್ಗಿಸಿ, ತಿರುಗಿಸದೆ, ನಿಧಾನವಾಗಿ ಕೂಡುವ ಗುರುತಿನ (+) ಆಕಾರದಲ್ಲಿ ಆಡಿಸಬೇಕು. ಅತಿ ಕಡಿಮೆ ಅಂಕೆ ಬಂದ ಜಾಗದಿಂದ 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ, ಇಳಿಜಾರಿಗೆ ಲಂಬವಾಗಿ ಪ್ರೋಬ್ (ಹಿಮದೊಳಗೆ ತಡಕುವ ಉದ್ದನೆಯ ಕೋಲು) ಚುಚ್ಚಬೇಕು. ಹುಡುಕುವಾಗ ಮೊಬೈಲು ಯಂತ್ರದಿಂದ ಕನಿಷ್ಠ 50 ಸೆಂ.ಮೀ. ದೂರವಿರಲಿ. ಅದು ಹತ್ತಿರವಿದ್ದರೆ ಸಿಗ್ನಲ್ ಕೆಡುತ್ತದೆ, ಬಾಣದ ಗುರುತು ದಿಕ್ಕುತಪ್ಪುತ್ತದೆ.

ಪ್ರಶ್ನೆ: ಗ್ರೆನೋಬಲ್‌ನಲ್ಲಿ ಎಂಎಸ್ ಓದುತ್ತಿದ್ದೇನೆ, ಭಾರತದ ಪ್ರಜೆ. ಗುಲ್ಮಾರ್ಗ್‌ನಲ್ಲಿ ಸ್ಕೀ ಕೋರ್ಸು ಮಾಡಿದ್ದೇನೆ. ಬೆಂಗಳೂರಿನಿಂದ ಪ್ರವಾಸ ಬರುವ ಕುಟುಂಬಗಳಿಗೆ ಕನ್ನಡದಲ್ಲೇ ಎರಡು ದಿನ ಕಲಿಸಿ ಸ್ವಲ್ಪ ಹಣ ತೆಗೆದುಕೊಂಡರೆ ತಪ್ಪೇ? ವಿದ್ಯಾರ್ಥಿ ವೀಸಾದಲ್ಲಿ ಕೆಲಸಕ್ಕೆ ಅವಕಾಶವಿದೆಯಲ್ಲ?
— ಓದುಗರು, ಗ್ರೆನೋಬಲ್

ಉತ್ತರ: ದಯವಿಟ್ಟು ಮಾಡಬೇಡಿ. ವಿದ್ಯಾರ್ಥಿಗೆ ಫ್ರಾನ್ಸ್ ಕೊಡುವ ವರ್ಷಕ್ಕೆ 964 ಗಂಟೆ ಕೆಲಸ ಮಾಡುವ ಹಕ್ಕು ಒಂದು, ಸ್ಕೀ ಕಲಿಸುವ ಅರ್ಹತೆ ಇನ್ನೊಂದು. ಒಂದಿದ್ದರೆ ಇನ್ನೊಂದು ಬರುವುದಿಲ್ಲ. ಫ್ರಾನ್ಸಿನ ಕ್ರೀಡಾ ಸಂಹಿತೆಯ ಎಲ್ 212-1ನೇ ವಿಧಿ ಸಂಭಾವನೆ ಪಡೆದು ಕ್ರೀಡೆ ಕಲಿಸಲು ಡಿಪ್ಲೊಮಾ ಕಡ್ಡಾಯ ಎನ್ನುತ್ತದೆ. ಎಲ್ 212-8ನೇ ವಿಧಿ ಇದನ್ನು ಮೀರಿದವರಿಗೆ 1 ವರ್ಷದ ಜೈಲು ಮತ್ತು 15,000 ಯೂರೋ ದಂಡದವರೆಗೆ ಶಿಕ್ಷೆ ಇಟ್ಟಿದೆ. ಹಣವನ್ನು ನಗದಿನಲ್ಲಿ ಕೊಟ್ಟರೂ ಅದು ಸಂಭಾವನೆಯೇ. ಇನ್ನೂ ದೊಡ್ಡ ಚಿಂತೆ ವಿಮೆಯದು. ನಿಮ್ಮ ಪಾಠದಲ್ಲಿ ಮಗುವಿನ ಕಾಲು ಮುರಿದರೆ, ಅನರ್ಹ ಶಿಕ್ಷಕನ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆಂದು ನಂಬಬೇಡಿ.

ನಿಜವಾಗಿ ಆಸೆಯಿದ್ದರೆ ಫ್ರಾನ್ಸಿನದೇ ದಾರಿ ಹಿಡಿಯಿರಿ. ಮೊದಲು 'ತೆಸ್ತ್ ತೆಕ್ನೀಕ್', ಇದು ಗಡಿಯಾರ ಹಿಡಿದು ಅಳೆಯುವ ಸ್ಲಾಲಮ್. ನಂತರ ಪೂರ್ವ ತರಬೇತಿ. ಅದು ಮುಗಿದ ಮೇಲೆ ಮಾನ್ಯತೆ ಪಡೆದ ಶಾಲೆಯೊಳಗೆ 'ಸ್ತಾಜಿಯೇರ್', ಅಂದರೆ ಕಲಿಯುವ ಶಿಕ್ಷಕರಾಗಿ, ಸಂಬಳಕ್ಕೆ ಪಾಠ ಮಾಡಬಹುದು. ಮುಂದಿನ ಹಂತಗಳಲ್ಲಿ ಯೂರೋಟೆಸ್ಟ್, ಸುರಕ್ಷತೆ, ಶಮೊನಿಯ ರಾಷ್ಟ್ರೀಯ ಶಾಲೆಯ ತರಬೇತಿಗಳು. ಕೆಲವು ಚಳಿಗಾಲಗಳನ್ನು ಕೊಡದೆ ಇದು ಆಗುವ ಕೆಲಸವಲ್ಲ. ಅಲ್ಲಿಯವರೆಗೆ ಪ್ರವಾಸಿ ಕುಟುಂಬಗಳಿಗೆ ನೀವು ಮಾಡಬಹುದಾದ ಸಹಾಯ ಒಂದಿದೆ: ಶಾಲೆಯ ಶಿಕ್ಷಕರ ಪಾಠಕ್ಕೆ ಜೊತೆಗೆ ನಿಂತು ಕನ್ನಡದಲ್ಲಿ ಹೇಳಿಕೊಡುವುದು. ಶಾಲೆಯ ಒಪ್ಪಿಗೆ ಪಡೆದೇ ಹೋಗಿ.

ಪ್ರಶ್ನೆ: ನನ್ನ ಪತಿ ಬ್ರಿಟಿಷ್ ಪ್ರಜೆ, ಅಲ್ಲಿನ ಬಾಸಿ ಸಂಸ್ಥೆಯ ಲೆವೆಲ್ 4 ಶಿಕ್ಷಕರು. ಬ್ರೆಕ್ಸಿಟ್ ನಂತರ ಅದರ ಗತಿಯೇನು?
— ಓದುಗರು, ಲೀಡ್ಸ್

ಉತ್ತರ: 2021ರ ಜನವರಿ 1ರಿಂದ ಒಕ್ಕೂಟದ ನಿರ್ದೇಶನ ಬ್ರಿಟನ್ನಿಗೆ ಅನ್ವಯಿಸುವುದಿಲ್ಲ. ನಿಮಗೆ ಮುಖ್ಯವಾದದ್ದು ತಾರೀಖು. 2020ರ ಕೊನೆಯೊಳಗೆ ಒಂದು ದೇಶ ಅವರಿಗೆ ಮಾನ್ಯತೆ ಕೊಟ್ಟು, ಅವರು ನಿರ್ಗಮನ ಒಪ್ಪಂದದ ರಕ್ಷಣೆಯೊಳಗಿದ್ದರೆ, ಆ ಮಾನ್ಯತೆ ಆ ದೇಶದಲ್ಲಿ ಉಳಿಯುತ್ತದೆ. ಫ್ರಾನ್ಸಿನಲ್ಲಿ ಸಿಕ್ಕಿದ್ದು ಇಟಲಿಯಲ್ಲಿ ನಡೆಯುವುದಿಲ್ಲ. ಆಗ ಅರ್ಜಿ ಹಾಕಿಲ್ಲದಿದ್ದರೆ ಈಗ ಪ್ರತಿ ದೇಶದ ಸ್ವಂತ ಕಾನೂನೇ ನಿರ್ಣಾಯಕ, ಮೇಲೆ ಕೆಲಸದ ಪರವಾನಗಿ ಬೇರೆ. 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದೆಂಬುದು ಪ್ರವಾಸಿಗರ ಅವಕಾಶ, ಅದನ್ನು ಸಂಬಳದ ಕೆಲಸಕ್ಕೆ ಅನುಮತಿ ಎಂದು ತಿಳಿಯಬಾರದು. ಅವರಿಗೆ ಐರಿಷ್ ಪಾಸ್‌ಪೋರ್ಟ್ ಪಡೆಯುವ ಹಕ್ಕಿದ್ದರೆ ಪೌರತ್ವದ ತೊಡಕು ನೀಗುತ್ತದೆ. 2020ರ ನಂತರ ಪಡೆದ ಬ್ರಿಟಿಷ್ ಸರ್ಟಿಫಿಕೇಟು ಆಗಲೂ ಹೊರಗಿನ ಕಾಗದವೇ, ಮ್ಯೂನಿಕ್ ಓದುಗರಿಗೆ ಹೇಳಿದ ದಾರಿಯೇ ಅದಕ್ಕೂ.

ಪ್ರಶ್ನೆ: ನಾನು ಸ್ನೋಬೋರ್ಡ್ ಮಾತ್ರ ಕಲಿಸುವವ. ಇದೇ ನಿಯಮವೇ? ಸ್ವಿಟ್ಜರ್ಲೆಂಡ್ ಬಗ್ಗೆಯೂ ತಿಳಿಸಿ. ಯುರೋಪಿಯನ್ ವೃತ್ತಿ ಕಾರ್ಡಿಗೆ ಅರ್ಜಿ ಹಾಕಬಹುದೇ?
— ಓದುಗರು, ಬಾರ್ಸೆಲೋನಾ

ಉತ್ತರ: ಫ್ರಾನ್ಸಿನಲ್ಲಿ ಸ್ನೋಬೋರ್ಡ್ ಪಾಠವೂ ಆಲ್ಪೈನ್ ಸ್ಕೀ ಡಿಪ್ಲೊಮಾದ ವ್ಯಾಪ್ತಿಯಲ್ಲಿದೆ. ಬೋರ್ಡ್ ಮಾತ್ರ ಬಲ್ಲವರಿಗೆ ತೊಂದರೆ ಅಲ್ಲೇ. ನಿರ್ದೇಶನದ 4ಎಫ್ ವಿಧಿಯಲ್ಲಿ 'ಭಾಗಶಃ ಪ್ರವೇಶ', ಅಂದರೆ ವೃತ್ತಿಯ ಒಂದು ಭಾಗಕ್ಕಷ್ಟೇ ಅನುಮತಿ, ಕೇಳಬಹುದು, ಅದನ್ನು ಪ್ರಕರಣ ನೋಡಿ ತೀರ್ಮಾನಿಸುತ್ತಾರೆ. ಯುರೋಪಿಯನ್ ವೃತ್ತಿ ಕಾರ್ಡು ಪರ್ವತ ಮಾರ್ಗದರ್ಶಕರಿಗಿದೆ, ಸ್ಕೀ ಶಿಕ್ಷಕರಿಗಿಲ್ಲ. ಬಿರುಕುಗಳಿರುವ ಹಿಮನದಿಯ ಮೇಲೆ ಗುಂಪು ಕರೆದೊಯ್ಯುವುದು ಮಾರ್ಗದರ್ಶಕರ ಕೆಲಸ, ಸ್ಕೀ ಶಿಕ್ಷಕರದಲ್ಲ. ಸ್ವಿಟ್ಜರ್ಲೆಂಡ್ 2005ರ ನಿರ್ದೇಶನ ಒಪ್ಪಿದೆ, 2013ರ ತಿದ್ದುಪಡಿಯನ್ನಲ್ಲ. ಆದ್ದರಿಂದ ಒಕ್ಕೂಟದ ಸಾಮಾನ್ಯ ತರಬೇತಿ ಪರೀಕ್ಷೆಯ ನಿಯಮ ಆ ದೇಶಕ್ಕೆ ಅನ್ವಯಿಸುವುದಿಲ್ಲ. ಪಿಸ್ಟಿನ ಹೊರಗೆ ಹಣಕ್ಕೆ ಕಲಿಸಲು 2014ರಿಂದ ಜಾರಿಯಲ್ಲಿರುವ ಅಪಾಯಕಾರಿ ಚಟುವಟಿಕೆಗಳ ಕಾನೂನಿನಡಿ ಪರವಾನಗಿ ಬೇಕು. ಕ್ಯಾಂಟನ್ನಿನ (ಅಲ್ಲಿನ ರಾಜ್ಯದ) ಕಾನೂನನ್ನೂ ನೋಡಿಕೊಳ್ಳಿ.

ಪ್ರಶ್ನೆ: ಸ್ಪೇನಿನ ಅರ್ಹತೆಯಿಂದ ಫ್ರಾನ್ಸಿಗೆ ಒಂದೇ ಸೀಸನ್ನಿಗೆ ಹೋಗಬೇಕು. ಅರ್ಜಿ ಯಾವಾಗ ಹಾಕಲಿ, ಏನೇನು ಬೇಕು?
— ಓದುಗರು, ಮ್ಯಾಡ್ರಿಡ್

ಉತ್ತರ: ತಾತ್ಕಾಲಿಕ ಸೇವೆಯೋ ನೆಲೆಸುವಿಕೆಯೋ ಎಂದು ಮೊದಲು ಆರಿಸಿ, ಎರಡರ ಫಾರಂಗಳೂ ಗಡುವುಗಳೂ ಬೇರೆ. ಫ್ರಾನ್ಸಿಗೆ ಈ ಅರ್ಜಿಗಳನ್ನು ನೋಡುವ ರಾಷ್ಟ್ರೀಯ ಕೇಂದ್ರ ಗ್ರೆನೋಬಲ್‌ನಲ್ಲಿದೆ. ತಾತ್ಕಾಲಿಕ ಸೇವೆಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ವೃತ್ತಿಯ ಅರ್ಹತೆಯನ್ನು ಮೊದಲ ಸಲ ಮುಂಚಿತವಾಗಿ ಪರಿಶೀಲಿಸುತ್ತಾರೆ. ಉತ್ತರಕ್ಕೆ ಒಂದು ತಿಂಗಳು, ತೊಡಕಿದ್ದರೆ ಇನ್ನಷ್ಟು. ನೆಲೆಸುವವರ ಅರ್ಜಿಯಲ್ಲಿ ಪೂರ್ಣ ಕಡತ ಸಿಕ್ಕ ಮೇಲೆ 3 ತಿಂಗಳು, ಬೇಕಾದರೆ ಇನ್ನೊಂದು. 'ಪೂರ್ಣ' ಎಂಬ ಮಾತಿನಲ್ಲೇ ಎಲ್ಲ ಇದೆ. ಒಂದು ಕಾಗದ ಕಡಿಮೆಯಾದರೂ ಲೆಕ್ಕ ಶುರುವಾಗುವುದಿಲ್ಲ. ಡಿಸೆಂಬರಿಗೆ ಕೆಲಸ ಬೇಕಾದರೆ ಜೂನ್, ಜುಲೈನಲ್ಲೇ ಕಳಿಸಿ.

ಪೌರತ್ವದ ದಾಖಲೆ, ಅರ್ಹತೆಯ ಪ್ರತಿ, ತರಬೇತಿಯ ವಿಷಯ ಮತ್ತು ಗಂಟೆಗಳ ವಿವರ, ಅನುಭವದ ದೃಢೀಕರಣ, ವಿಮೆ, ನಡತೆ ಪ್ರಮಾಣಪತ್ರ ಇಷ್ಟು ಜೋಡಿಸಿಕೊಳ್ಳಿ. ನಡತೆಯ ಪತ್ರ ಸಲ್ಲಿಸುವ ದಿನಕ್ಕೆ 3 ತಿಂಗಳಿಗಿಂತ ಹಳೆಯದಾಗಿರಬಾರದು, ಅದನ್ನು ಕೊನೆಗೆ ತರಿಸಿ. ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ತರಬೇತಿಯ ಗಂಟೆಗಳಲ್ಲಿ: ಸರ್ಟಿಫಿಕೇಟಿನಲ್ಲಿ ಮಟ್ಟದ ಹೆಸರಿರುತ್ತದೆ, ಏನು ಎಷ್ಟು ಹೊತ್ತು ಕಲಿಸಿದರೆಂಬುದು ಇರುವುದಿಲ್ಲ. ಆ ವಿವರವನ್ನು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಕೇಳಿ ಪಡೆಯಿರಿ. ಅನುವಾದ ಬೇಕೆಂದರೆ ಪ್ರಮಾಣಿತ ಅನುವಾದಕರಿಂದಲೇ ಮಾಡಿಸಿ. ಭಾರತದಲ್ಲಿ ಹುಟ್ಟಿದವರಿಗೆ ಜನನ ಪತ್ರ ಕೇಳಿದರೆ ಅದಕ್ಕೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಹೊರದೇಶದಲ್ಲಿ ಕಾಗದ ಅಸಲಿ ಎಂದು ತೋರಿಸುವ ಮುದ್ರೆ) ಬೇಕಾಗಬಹುದು. ಅದಕ್ಕೆ ಮೊದಲು ರಾಜ್ಯಮಟ್ಟದ ದೃಢೀಕರಣವೂ ಆಗಬೇಕು, ಊರಿನಲ್ಲಿ ಓಡಾಡುವವರಿಗೆ ಮೊದಲೇ ತಿಳಿಸಿ.