36 ಗರ್ಭಿಣಿಯರ ರಕ್ತ ನೋಡಿ ಇಂಡಿ ತಾಲೂಕಿನ ಎಲ್ಲ ಗರ್ಭಿಣಿಯರ ಸರಾಸರಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಅಂತ ಹೇಗೆ ಹೇಳುತ್ತಾರೆ?

ಉಲ್ಟಾ ಕಡೆಯಿಂದ ಶುರು ಮಾಡುತ್ತಾರೆ. ‘ಸರಾಸರಿ 11 ಗ್ರಾಂ ಇದೆ’ ಅಂತಲೇ ಮೊದಲು ಒಪ್ಪಿಕೊಳ್ಳುತ್ತಾರೆ. ಹಾಗಿದ್ದರೆ ಕೈಗೆ ಸಿಕ್ಕ ಅಂಕಿ ಸುಮ್ನೆ ಆಕಸ್ಮಿಕವಾಗಿ ಬರೋದು ಎಷ್ಟು ಅಪರೂಪ ಅಂತ ಲೆಕ್ಕ ಹಾಕುತ್ತಾರೆ. ತೀರಾ ಅಪರೂಪವಾದರೆ ಆ ಮಾತನ್ನು ಕೈಬಿಡುತ್ತಾರೆ. (100 ಮಿ.ಲೀ. ರಕ್ತಕ್ಕೆ 11 ಗ್ರಾಂ ಅನ್ನೋದು ಗರ್ಭಿಣಿಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ರಕ್ತಹೀನತೆಯ ಗಡಿ; ನಡುವಿನ ಮೂರು ತಿಂಗಳಿಗೆ ಮಾತ್ರ 10.5.)

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು. ರಕ್ತ ಹಾಗಲ್ಲ, ಒಬ್ಬೊಬ್ಬರದ್ದು ಒಂದೊಂದು ಥರ. ಆದರೆ ಜನ ಜಾಸ್ತಿಯಾದಷ್ಟೂ ಸರಾಸರಿಯ ಓಲಾಟ ಕಡಿಮೆಯಾಗುತ್ತದೆ, ಗುಟ್ಟು ಇರೋದು ಇಲ್ಲೇ. ಒಬ್ಬರಿಂದ ಒಬ್ಬರಿಗೆ ಇರೋ ಏರಿಳಿತ 1.2 ಗ್ರಾಂ ಅಂದುಕೊಳ್ಳಿ. 36ರ ವರ್ಗಮೂಲ 6, ಅದರಿಂದ ಭಾಗಿಸಿದರೆ ಸರಾಸರಿಯ ಓಲಾಟ ಬರೀ 0.2. ಸಿಕ್ಕ ಸರಾಸರಿ 10.5 ಆದರೆ ವ್ಯತ್ಯಾಸ 0.5, ಅಂದರೆ ಓಲಾಟದ ಎರಡೂವರೆ ಪಟ್ಟು. ಇಷ್ಟು ದೂರ, ಮೇಲಕ್ಕೋ ಕೆಳಕ್ಕೋ, ಆಕಸ್ಮಿಕವಾಗಿ ಹೋಗೋದು 100ರಲ್ಲಿ ಒಂದೆರಡು ಸಲ. ರೂಢಿಯ ಗಡಿ 5, ಹಾಗಾಗಿ ‘11 ಇದೆ’ ಅನ್ನೋದನ್ನು ಬಿಡುತ್ತಾರೆ. ಒಂಬತ್ತೇ ಜನರಾಗಿದ್ದರೆ ಇದೇ 10.5ರಿಂದ ಏನೂ ಹೇಳೋಕಾಗುತ್ತಿರಲಿಲ್ಲ.

ಆ 36 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಸುಸ್ತು ಅಂತ ಆಸ್ಪತ್ರೆಗೆ ಬಂದವರನ್ನಷ್ಟೇ ಹಿಡಿದರೆ ಲೆಕ್ಕ ಸರಿ ಇದ್ದರೂ ಉತ್ತರ ತಪ್ಪೇ ಅಲ್ವಾ?