ಅನಿಮೆಯ ಒಂದೇ ಸೀಸನ್ ಎರಡು ಭಾಗವಾಗಿ ಬರುವುದು ಯಾಕೆ?

ಜಪಾನಿನ ಟಿವಿ ವಾಹಿನಿಗಳು ವರ್ಷವನ್ನು ಮೂರು ಮೂರು ತಿಂಗಳಂತೆ ನಾಲ್ಕು ಭಾಗ ಮಾಡಿಕೊಂಡಿವೆ. ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಧಾರಾವಾಹಿ, ಆ ಅಳತೆಗೆ ಹೊಂದಿಕೊಳ್ಳಬೇಕು, ಅದಕ್ಕೇ. ಈ ಮೂರು ತಿಂಗಳ ಅವಧಿಗೆ ‘ಕೂರ್’ ಎನ್ನುತ್ತಾರೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಕೂರ್ ಶುರು. ವಾರಕ್ಕೊಂದು ಎಪಿಸೋಡ್ ಅಂದರೆ ಒಂದು ಕೂರ್‌ಗೆ ಹೆಚ್ಚುಕಡಿಮೆ 12 ಅಥವಾ 13.

ಸೀಸನ್ ಲೆಕ್ಕ ಬೇರೆ. ಒಂದು ಸೀಸನ್‌ಗೆ ಎಷ್ಟು ಕೂರ್ ಅನ್ನೋದನ್ನು ತಯಾರಕರು ತೀರ್ಮಾನಿಸುತ್ತಾರೆ. ‘ಸ್ಪೈ ಎಕ್ಸ್ ಫ್ಯಾಮಿಲಿ’ ನೋಡಿ. 2022ರ ಏಪ್ರಿಲ್‌ನಿಂದ 12 ಎಪಿಸೋಡ್ ಬಂದವು. ಜುಲೈನ ಕೂರ್ ಖಾಲಿ ಬಿಟ್ಟರು. ಅಕ್ಟೋಬರ್‌ನಿಂದ ಮತ್ತೆ 13. ಎಲ್ಲ ಸೇರಿ 25, ಆದರೂ ಅದು ಮೊದಲ ಸೀಸನ್ನೇ.

ನಡುವೆ ಯಾಕೆ ಬಿಡುವು? ಒಂದೊಂದು ಎಪಿಸೋಡಿನ ಚಿತ್ರ ಬಿಡಿಸಿ ಮುಗಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಪ್ರಸಾರವೋ ವಾರವಾರ ನಡೆಯುತ್ತದೆ. ತಡೆಯಿಲ್ಲದೆ ಓಡಿಸಿದರೆ ಕೈಲಿರುವ ಎಪಿಸೋಡ್ ಬೇಗ ಖಾಲಿಯಾಗಿ ಕಲಾವಿದರ ಮೇಲೆ ಒತ್ತಡ ಬೀಳುತ್ತದೆ, ಚಿತ್ರವೂ ಕೆಡುತ್ತದೆ. ಮೂರು ತಿಂಗಳು ಕಾಯುವುದು ಬೇಜಾರೇ, ಆದರೆ ಅವಸರದ ಚಿತ್ರಕ್ಕಿಂತ ಅದೇ ವಾಸಿ ಅಲ್ವಾ?

ಹಣದ ಮಾತೂ ಇದೆ. ತಡರಾತ್ರಿಯ ಅನಿಮೆಗಳಲ್ಲಿ ಪ್ರಕಾಶಕರು, ಮ್ಯೂಸಿಕ್ ಕಂಪನಿಗಳು ಎಲ್ಲ ಸೇರಿ ಬಂಡವಾಳ ಹಾಕುತ್ತಾರೆ. ಪ್ರಸಾರದ ಸಮಯಕ್ಕೂ ಸಾಮಾನ್ಯವಾಗಿ ಅವರೇ ದುಡ್ಡು ಕೊಡಬೇಕು. ಒಂದು ಕೂರ್‌ಗೆ ಮಾತ್ರ ಒಪ್ಪಿಕೊಂಡರೆ, ಓಡದಿದ್ದರೂ ನಷ್ಟ ಕಮ್ಮಿ. 1999ರ ಅಕ್ಟೋಬರ್‌ನಲ್ಲಿ ಶುರುವಾಗಿ ವರ್ಷಗಟ್ಟಲೆ ವಾರವಾರ ಓಡಿದ ‘ಒನ್ ಪೀಸ್’ನಂಥವು ಈಗ ಅಪರೂಪ.